ಚಿತ್ರ ಬರೆಯುವ ಕೈ, ಚಿತ್ರ ಉಳಿಸುವ ಕೆಲಸ: ಆರ್ಟ್ ಕನ್ಸರ್ವೇಟರ್ ಆಗುವುದು ಹೇಗೆ?

“ನಾನು ಚೆನ್ನಾಗಿ ಪೇಂಟಿಂಗ್ ಮಾಡ್ತೀನಿ. ಗ್ಯಾಲರಿಯಲ್ಲಿ ಹಳೆಯ ಚಿತ್ರಗಳನ್ನು ಸರಿಮಾಡುವ ಕೆಲಸ ಸಿಗುತ್ತಾ? ಅದಕ್ಕೆ ಏನು ಓದಬೇಕು?” ಹೀಗೆ ಕೇಳುವವರಲ್ಲಿ ಹೆಚ್ಚಿನವರು ಬಿಎಫ್‌ಎ, ಅಂದರೆ ಚಿತ್ರಕಲೆಯ ಪದವಿ ಓದುತ್ತಿರುವವರು, ಇಲ್ಲವೇ ಓದು ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರು. ಒಬ್ಬೊಬ್ಬರಿಗೇ ಬರೆಯುವ ಬದಲು ಉತ್ತರವನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಚಿತ್ರಕಲೆ ಈ ಕೆಲಸಕ್ಕೆ ಖಂಡಿತ ಬೇಕು. ಆದರೆ ನೀವು ಅಂದುಕೊಂಡ ಜಾಗದಲ್ಲಲ್ಲ. ಕನ್ಸರ್ವೇಟರ್‌ನ ದಿನದ ಹೆಚ್ಚಿನ ಪಾಲು ನೋಡುವುದರಲ್ಲಿ, ಬರೆದಿಡುವುದರಲ್ಲಿ, ಪರೀಕ್ಷೆ ಮಾಡುವುದರಲ್ಲಿ, ಅಂಗುಲ ಅಂಗುಲವಾಗಿ ಕೊಳೆ ತೆಗೆಯುವುದರಲ್ಲಿ ಹೋಗುತ್ತದೆ. ಬಣ್ಣ ಹಚ್ಚುವುದು ಕೊನೆಗೆ. ಅದೂ ಮೂಲ ಬಣ್ಣ ಉದುರಿಹೋದ ಜಾಗದಲ್ಲಿ ಮಾತ್ರ. ಚೆನ್ನಾಗಿ ಬರೆಯಬಲ್ಲ ಕೈ ಇಲ್ಲಿ ಕಲಿಯಬೇಕಾದದ್ದು ಎಲ್ಲಿ ನಿಲ್ಲಿಸಬೇಕು ಎಂಬುದನ್ನು.

ಮೊದಲು ಐದು ಪದಗಳು

ಕ್ಯುರೇಟರ್, ಕನ್ಸರ್ವೇಟರ್ ಎರಡೂ ಒಂದೇ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕಲಾಕೃತಿಗಳನ್ನು ಆರಿಸಿ, ಅಧ್ಯಯನ ಮಾಡಿ, ಪ್ರದರ್ಶನಕ್ಕೆ ಇಡುವವರು ಕ್ಯುರೇಟರ್. ಆ ಕೃತಿಯ ಮೈ ಕೆಡದಂತೆ ನೋಡಿಕೊಳ್ಳುವವರು ಕನ್ಸರ್ವೇಟರ್.

‘ಪ್ರಿವೆಂಟಿವ್ ಕನ್ಸರ್ವೇಶನ್’ ಅಂದರೆ ಹಾಳಾಗುವ ಮೊದಲೇ ಬೆಳಕು, ತೇವ, ಹುಳು, ಧೂಳುಗಳನ್ನು ಹತೋಟಿಯಲ್ಲಿ ಇಡುವುದು. ‘ರೆಸ್ಟೊರೇಶನ್’ ಅಂದರೆ ಹಾಳಾದ ಮೇಲೆ ಮತ್ತೆ ನೋಡುವಂತೆ ಮಾಡುವುದು. ಇದು ಇಡೀ ಕೆಲಸದ ಒಂದು ಭಾಗ, ಅಷ್ಟೇ. ಇನ್ನೊಂದು ಪದ ‘ರಿವರ್ಸಿಬಿಲಿಟಿ’. ನೀವು ಇವತ್ತು ಹಾಕಿದ್ದನ್ನು ನಾಳೆ ಇನ್ನೊಬ್ಬರು ಮೂಲಕ್ಕೆ ಪೆಟ್ಟಾಗದಂತೆ ತೆಗೆಯಲು ಬರಬೇಕು. ಈ ಒಂದು ಪದವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದೆ ಓದಿ.

ಹಂತ 1: ಕೆಮಿಸ್ಟ್ರಿಯ ಭಯ ಬಿಡಿ

ಕಲಾ ವಿದ್ಯಾರ್ಥಿಗಳು ಹಿಂಜರಿಯುವುದು ಇಲ್ಲಿಯೇ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳದವರು ಅರ್ಧಕ್ಕೇ ಕೈಬಿಡುತ್ತಾರೆ. ಬಿಡಬೇಕಾಗಿಲ್ಲ. ಆದರೆ ಕಲಿಯಲೇಬೇಕು, ಬೇರೆ ದಾರಿ ಇಲ್ಲ.

ಒಂದು ಉದಾಹರಣೆ ನೋಡಿ. ಮೈಸೂರು ಶೈಲಿಯ ಚಿತ್ರದಲ್ಲಿ ಒಡವೆ, ಪ್ರಭಾವಳಿ, ಸೀರೆಯ ಅಂಚು ತುಸು ಉಬ್ಬಿರುತ್ತದೆ ಅಲ್ವಾ? ಅದು ಗೆಸ್ಸೋ ಕೆಲಸ. ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ, ಕುಂಚದಿಂದ ಪದರ ಪದರವಾಗಿ ಎಬ್ಬಿಸಿ, ಮೇಲೆ ಚಿನ್ನದ ರೇಕು ಹಾಕಿರುತ್ತಾರೆ. ಆ ಅಂಟು ನೀರಿಗೆ ಕರಗುತ್ತದೆ. ಬಣ್ಣವೂ ಅಷ್ಟೇ, ನೀರು ತಾಕಿದರೆ ಏಳುತ್ತದೆ. ಎಣ್ಣೆಬಣ್ಣದ ಚಿತ್ರದ ಮಾತೇ ಬೇರೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ವರ್ಷಗಳು ಕಳೆದಂತೆ ಗಟ್ಟಿ ಪೊರೆಯಾಗುತ್ತದೆ. ಅದರ ಮೇಲಿನ ಕೊಳೆಯನ್ನು ತುಸು ತೇವದ ಹತ್ತಿಯಿಂದ ತೆಗೆಯಲು ಎಷ್ಟೋ ಸಲ ಆಗುತ್ತದೆ. ಒಂದು ಕಡೆ ಔಷಧಿಯಾದದ್ದು ಇನ್ನೊಂದು ಕಡೆ ವಿಷ. ಯಾವುದು ಎಲ್ಲಿ ಎಂದು ಹೇಳುವುದು ಕೆಮಿಸ್ಟ್ರಿ.

ಒಂದು ಮನೆಯಲ್ಲಿ ಹಬ್ಬಕ್ಕೆ ದೇವರ ಮನೆ ಸಾರಿಸುವಾಗ, ಹಳೆಯ ಮೈಸೂರು ಚಿತ್ರವೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ನನ್ನ ಹತ್ತಿರ ಬರುವ ಹೊತ್ತಿಗೆ ಸರಸ್ವತಿಯ ಎಡಗೈ ಇರಲಿಲ್ಲ. ಅವರು ಮಾಡಿದ್ದು ಭಕ್ತಿಯಿಂದಲೇ.

ಏನೇನು ಕಲಿಯಬೇಕು? ದ್ರಾವಕಗಳು, ಅಂದರೆ ಅಸಿಟೋನ್, ಎಥನಾಲ್, ವೈಟ್ ಸ್ಪಿರಿಟ್‌ನಂಥ ಕರಗಿಸುವ ದ್ರವಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು. ಆಮ್ಲ ಮತ್ತು ಕ್ಷಾರ, ಅವುಗಳ ಅಳತೆಯಾದ ಪಿಎಚ್. ಕಾಗದ ಯಾಕೆ ಹಳದಿಯಾಗಿ ಮುರಿಯುತ್ತದೆ ಎಂಬುದು. ಬಣ್ಣದ ಪುಡಿಗಳ ಗುಣ: ಸೀಸದ ಬಿಳಿ ಗಾಳಿಯಲ್ಲಿನ ಗಂಧಕದ ಅನಿಲಕ್ಕೆ ಕಪ್ಪಾಗುತ್ತದೆ, ತಾಮ್ರದ ಹಸಿರು ಕೆಳಗಿನ ಕಾಗದವನ್ನೇ ತಿನ್ನುತ್ತದೆ, ಇಂಗಲೀಕ ಎಂಬ ಕೆಂಪು ಬೆಳಕಿಗೆ ಮಂಕಾಗಿ ಕಪ್ಪಿಗೆ ತಿರುಗಬಹುದು. ಇಷ್ಟನ್ನು ಪಿಯುಸಿ ಪುಸ್ತಕದಿಂದಲೇ ಶುರುಮಾಡಿ. ಮನೆಪಾಠಕ್ಕೆ ಹೋದರೂ ತಪ್ಪಿಲ್ಲ.

ಹಂತ 2: ಕೈ ಪಳಗಿಸಿ, ನಿಮ್ಮ ಶೈಲಿಯನ್ನು ಬದಿಗಿಡಿ

ಕೋರ್ಸ್ ಸೇರುವ ಮೊದಲೇ ಮನೆಯಲ್ಲಿ ಮಾಡಬಹುದಾದ ಅಭ್ಯಾಸಗಳಿವೆ. ಎಲ್ಲವನ್ನೂ ನೀವೇ ಮಾಡಿದ ವಸ್ತುಗಳ ಮೇಲೆ ಮಾಡಿ. ಅಜ್ಜಿಯ ಮನೆಯ ಚಿತ್ರದ ಮೇಲೆ ಬೇಡ, ದಯವಿಟ್ಟು.

ಮೊದಲನೆಯದು ನಕಲು. ಹಳೆಯ ವಿಧಾನದಲ್ಲಿ ಒಂದು ಅಂಗೈ ಅಗಲದ ಚಿತ್ರ ಮಾಡಿ. ಮೈಸೂರು ಶೈಲಿ ಆದರೆ ಗೆಸ್ಸೋ, ರೇಕು ಎಲ್ಲವನ್ನೂ ಮೊದಲಿನಿಂದ ಮಾಡಿ. ಪದರಗಳು ಯಾವ ಸಾಲಿನಲ್ಲಿ ಬರುತ್ತವೆ ಎಂದು ಕೈಗೆ ಗೊತ್ತಾಗಬೇಕು.

ಎರಡನೆಯದು ಬಣ್ಣ ಹೊಂದಿಸುವುದು. ಒಂದು ಹಳೆಯ ಬಣ್ಣದ ಚೂರು ಇಟ್ಟುಕೊಂಡು, ಅದರ ಪಕ್ಕ ಇಟ್ಟರೆ ಗುರುತೇ ಸಿಗದಷ್ಟು ಹತ್ತಿರದ ಬಣ್ಣ ಕಲಸಿ. ಬೆಳಗಿನ ಬೆಳಕಿನಲ್ಲಿ ಹೊಂದಿದ್ದು ಟ್ಯೂಬ್‌ಲೈಟಿನಲ್ಲಿ ಬೇರೆಯಾಗಿ ಕಾಣುತ್ತದೆ. ಇದಕ್ಕೆ ‘ಮೆಟಮೆರಿಸಂ’ ಎನ್ನುತ್ತಾರೆ. ಎರಡೂ ಬೆಳಕಿನಲ್ಲಿ ನೋಡುವ ಅಭ್ಯಾಸ ಈಗಲೇ ಬೆಳೆಸಿಕೊಳ್ಳಿ.

ಮೂರನೆಯದು ಹರಿದ ಕಾಗದ ಕೂಡಿಸುವುದು. ಜಪಾನಿ ಟಿಶ್ಯೂ ಕಾಗದ ಮತ್ತು ಗೋಧಿ ಪಿಷ್ಟದ ಗಂಜಿ ಬೇಕು. ಮೈದಾ ಗೋಂದು ಬೇಡ. ಪಿಷ್ಟವನ್ನು ಬೇರೆಮಾಡದ ಹಿಟ್ಟು ಹುಳುಗಳಿಗೆ ಊಟವಾಗುತ್ತದೆ.

ಇಷ್ಟೆಲ್ಲ ಮಾಡುವಾಗ ಒಂದು ಸೆಳೆತ ಬರುತ್ತದೆ: ‘ಈ ಗೆರೆ ಸ್ವಲ್ಪ ತಿದ್ದಿದರೆ ಇನ್ನೂ ಚೆಂದ.’ ಆ ಕ್ಷಣವನ್ನು ಗುರುತಿಸಲು ಕಲಿಯಿರಿ. 2012ರಲ್ಲಿ ಸ್ಪೇನ್ ದೇಶದ ಬೋರ್ಹಾ ಎಂಬ ಊರಿನ ಚರ್ಚಿನಲ್ಲಿ ಕ್ರಿಸ್ತನ ಭಿತ್ತಿಚಿತ್ರವೊಂದನ್ನು ಸರಿಮಾಡಲು ಹೋಗಿ ಮುಖವೇ ಬದಲಾದದ್ದು ನಿಮಗೆ ನೆನಪಿರಬಹುದು. ಜಗತ್ತೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ಕೈಯಲ್ಲೂ ಇದ್ದದ್ದು ಒಳ್ಳೆಯ ಮನಸ್ಸೇ.

ನಮ್ಮ ಪಕ್ಕದಲ್ಲೇ ನೋಡಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ಕಟ್ಟಿದ್ದು 1784ರಲ್ಲಿ. ಅದರ ಗೋಡೆಯ ಮೇಲೆ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ. 19ನೇ ಶತಮಾನದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲಕ್ಕೆ ಅದನ್ನು ಮತ್ತೆ ಬರೆಸಲಾಯಿತು. ಹಾಗಾಗಿ ಇವತ್ತು ಅಲ್ಲಿ ನಿಂತು ಒಂದು ಕುದುರೆಯನ್ನು ನೋಡಿದರೆ, ಅದು ಟಿಪ್ಪುವಿನ ಕಾಲದ ಕಲಾವಿದನ ಕೈಯೋ, ನಂತರದವರ ಕೈಯೋ ಎಂದು ಹೇಳುವುದು ಕಷ್ಟ.

ಹಂತ 3: ಎಲ್ಲಿ ಓದಬೇಕು

ಸಾಮಾನ್ಯವಾಗಿ ಎರಡು ಬಾಗಿಲುಗಳಿವೆ. ಚಿತ್ರಕಲೆಯ ಪದವಿ ಮಾಡಿ ಕೆಮಿಸ್ಟ್ರಿ ಸೇರಿಸಿಕೊಳ್ಳುವುದು. ಇಲ್ಲವೇ ಕೆಮಿಸ್ಟ್ರಿ ಪದವಿ ಮಾಡಿ ಕೈಕೆಲಸ ಕಲಿಯುವುದು. ಎರಡೂ ಕಡೆಯಿಂದ ಬಂದ ಒಳ್ಳೆಯ ಕನ್ಸರ್ವೇಟರ್‌ಗಳಿದ್ದಾರೆ.

ಭಾರತದಲ್ಲಿ ಎಂ.ಎ. ಮಟ್ಟದ ಓದಿಗೆ ಹೆಚ್ಚು ಹೆಸರಾದದ್ದು ದೆಹಲಿಯ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್. ಅದು ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಗಿದೆ, ನೊಯ್ಡಾದಲ್ಲಿದೆ. ಲಖನೌನಲ್ಲಿ 1976ರಲ್ಲಿ ಶುರುವಾದ ಎನ್‌ಆರ್‌ಎಲ್‌ಸಿ ಇದೆ. ಪೂರ್ತಿ ಹೆಸರು ಸಾಂಸ್ಕೃತಿಕ ಆಸ್ತಿಗಳ ಸಂರಕ್ಷಣೆಯ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯ. ಇದರ ಪ್ರಾದೇಶಿಕ ಪ್ರಯೋಗಾಲಯ ನಮ್ಮ ಮೈಸೂರಿನಲ್ಲೇ ಇದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಬೆಂಗಳೂರಿನವರಿಗೆ ಇನ್ನೊಂದು ಅನುಕೂಲ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಜೊತೆ ಸೇರಿ, ಪರಂಪರೆಯನ್ನು ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ ಕಟ್ಟಿದ ಕಲಾ ಸಂರಕ್ಷಣಾ ಕೇಂದ್ರವಿದೆ. ಕಲಾಕೃತಿಗಳು ನಿಜವಾಗಿ ಮೇಜಿನ ಮೇಲೆ ಬಂದು ಹೋಗುವ ಜಾಗ ಅದು. ಯಾವ ಕೋರ್ಸಿಗೂ ದುಡ್ಡು ಕಟ್ಟುವ ಮೊದಲು ಇಂಥ ಒಂದು ಜಾಗವನ್ನು ಕಣ್ಣಾರೆ ನೋಡಿ ಬನ್ನಿ.

ವಿದೇಶದಲ್ಲಿ ಓದುವ ಆಸೆ ಇದ್ದರೆ ಲಂಡನ್ನಿನ ಕೋರ್ಟಾಲ್ಡ್, ಕೇಂಬ್ರಿಜ್‌ನ ಹ್ಯಾಮಿಲ್ಟನ್ ಕೆರ್, ಅಮೆರಿಕದ ಡೆಲವೇರ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯಗಳು ಹೆಸರಾದವು. ಅಮೆರಿಕದ ಕೋರ್ಸುಗಳು ಮೂರು ವಿಷಯ ಕೇಳುತ್ತವೆ: ಆರ್ಗ್ಯಾನಿಕ್ ಸೇರಿದಂತೆ ಕೆಮಿಸ್ಟ್ರಿ, ಕಲಾ ಇತಿಹಾಸ, ಮತ್ತು ಸ್ಟುಡಿಯೊ ಕೆಲಸ. ಜೊತೆಗೆ ಯಾವುದಾದರೂ ಲ್ಯಾಬ್‌ನಲ್ಲಿ ಕೆಲಸ ಮಾಡಿದ ಅನುಭವವೂ ಬೇಕು. ನೀವು ಬರೆದ ಚಿತ್ರಗಳ ಪೋರ್ಟ್‌ಫೋಲಿಯೊ ಅಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿಗೆ ಹೋಗುವವರಿಗೆ ಚಾರ್ಲ್ಸ್ ವಾಲೆಸ್ ಇಂಡಿಯಾ ಟ್ರಸ್ಟಿನ ನೆರವು ಇದೆ. ಅದು ಸಂರಕ್ಷಣೆಯ ಕ್ಷೇತ್ರದವರಿಗೂ ಸಿಗುತ್ತದೆ.

ಇಲ್ಲಿ ಬೀಳಬಹುದಾದ ಹಳ್ಳ: ‘ಒಂದು ವಾರದಲ್ಲಿ ರೆಸ್ಟೊರೇಶನ್ ಕಲಿಯಿರಿ’ ಎನ್ನುವ ಸರ್ಟಿಫಿಕೇಟ್ ಕೋರ್ಸುಗಳು. ಪರಿಚಯಕ್ಕೆ ಚೆನ್ನಾಗಿರುತ್ತವೆ. ಅಷ್ಟು ಕಲಿತು ಬೇರೆಯವರ ಚಿತ್ರಕ್ಕೆ ಕೈಹಾಕಬೇಡಿ. ಪ್ರವೇಶದ ನಿಯಮಗಳನ್ನೂ ಆಯಾ ಸಂಸ್ಥೆಯ ಆ ವರ್ಷದ ಪ್ರಕಟಣೆಯಲ್ಲೇ ನೋಡಿ. ಸ್ನೇಹಿತರ ಮಾತು ನಂಬಿ ವರ್ಷ ಕಳೆದುಕೊಳ್ಳಬೇಡಿ.

ಹಂತ 4: ಹಿರಿಯರ ಕೈಕೆಳಗೆ ಕೂತು ಕಲಿಯುವುದು

ಡಿಗ್ರಿ ಮುಗಿದ ತಕ್ಷಣ ಸ್ವಂತ ಬೋರ್ಡು ಹಾಕಬೇಡಿ. ಎರಡು ಮೂರು ವರ್ಷವಾದರೂ ಒಬ್ಬ ಅನುಭವಿಯ ಜೊತೆ ಕೆಲಸ ಮಾಡಿ. ಮೊದಲ ತಿಂಗಳುಗಳು ಬೇಜಾರು ತರಿಸುತ್ತವೆ. ಧೂಳು ಹೊಡೆಯುವುದು, ಲೇಬಲ್ ಬರೆಯುವುದು, ಹತ್ತಿಯನ್ನು ಬಿದಿರು ಕಡ್ಡಿಗೆ ಸುತ್ತುವುದು. ಹತ್ತಿ ಸುತ್ತುವುದರಲ್ಲೂ ಹದ ಇದೆ. ಸಡಿಲವಾದರೆ ನೂಲು ಬಣ್ಣದ ಚಕ್ಕೆಗೆ ಸಿಕ್ಕಿಕೊಂಡು ಎಳೆಯುತ್ತದೆ. ಬಿಗಿಯಾದರೆ ಉಜ್ಜಿದಂತಾಗುತ್ತದೆ.

ಈ ಕಾಲದಲ್ಲೇ ಒಂದು ವಿಭಾಗ ಆರಿಸಿಕೊಳ್ಳಿ: ಕ್ಯಾನ್ವಾಸ್ ಚಿತ್ರ, ಕಾಗದ, ಭಿತ್ತಿಚಿತ್ರ, ಬಟ್ಟೆ, ಕಲ್ಲು, ಲೋಹ. ‘ಎಲ್ಲವನ್ನೂ ಮಾಡ್ತೀನಿ’ ಎನ್ನುವವರನ್ನು ಯಾವ ಒಳ್ಳೆಯ ಮ್ಯೂಸಿಯಂ ಕೂಡ ನಂಬುವುದಿಲ್ಲ.

ಸುರಕ್ಷತೆಯನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಹರಿತಾಳ ಎಂಬ ಹಳೆಯ ಕಾಲದ ಹಳದಿ ಬಣ್ಣದಲ್ಲಿ ಆರ್ಸೆನಿಕ್ ಇದೆ. ಇಂಗಲೀಕದಲ್ಲಿ ಪಾದರಸ, ಬಿಳಿಯಲ್ಲಿ ಸೀಸ. ದ್ರಾವಕಗಳ ಆವಿ ಬೇರೆ. ನೈಟ್ರೈಲ್ ಕೈಗವಸು, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್, ಗಾಳಿ ಎಳೆಯುವ ಫ್ಯಾನ್ ಬೇಕೇ ಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಕೆಲಸದ ಮೇಜಿನ ಮೇಲೆ ಕಾಫಿ ಲೋಟ ಇಡಬೇಡಿ.

ಹಂತ 5: ಒಂದು ಚಿತ್ರ ಕೈಗೆ ಬಂದಾಗ

ಇಡೀ ಲೇಖನದಲ್ಲಿ ಹೆಚ್ಚು ಗಮನ ಕೊಟ್ಟು ಓದಬೇಕಾದ ಭಾಗ ಇದು. ಇಲ್ಲಿನ ಕೆಲಸಗಳ ಕ್ರಮ ತಪ್ಪಬಾರದು.

*ನೋಡಿ, ಬರೆದಿಡಿ.* ಮುಟ್ಟುವ ಮೊದಲು ಫೋಟೊ ತೆಗೆಯಿರಿ. ಎದುರಿನಿಂದ, ಹಿಂದಿನಿಂದ, ಮತ್ತು ಬದಿಯಿಂದ ಬೆಳಕು ಬೀಳಿಸಿ. ಬದಿಯ ಬೆಳಕಿನಲ್ಲಿ ಹಕ್ಕಳೆ ಎದ್ದ ಬಣ್ಣ, ಉಬ್ಬು ತಗ್ಗು ಎಲ್ಲಾ ಕಾಣುತ್ತದೆ. ನಂತರ ಅಲ್ಟ್ರಾವಯಲೆಟ್ ಬೆಳಕು. ಹಳೆಯ ರಾಳದ ವಾರ್ನಿಷ್ ಅದರಲ್ಲಿ ತುಸು ಹಸಿರಾಗಿ ಹೊಳೆಯುತ್ತದೆ. ಅದರ ಮೇಲೆ ಆಮೇಲೆ ಯಾರಾದರೂ ಬಣ್ಣ ಹಚ್ಚಿದ್ದರೆ ಆ ಜಾಗ ಕಪ್ಪಗೆ ಕಾಣುತ್ತದೆ. ದೊಡ್ಡ ಲ್ಯಾಬ್‌ಗಳಲ್ಲಿ ಇನ್‌ಫ್ರಾರೆಡ್‌ನಿಂದ ಬಣ್ಣದ ಅಡಿಯ ಮಸಿ ಗೆರೆಗಳನ್ನೂ ನೋಡುತ್ತಾರೆ. ಇದೆಲ್ಲ ಸೇರಿದ ಬರಹಕ್ಕೆ ‘ಕಂಡಿಷನ್ ರಿಪೋರ್ಟ್’ ಎಂದು ಹೆಸರು. ಆಸ್ಪತ್ರೆಯ ಕೇಸ್ ಶೀಟ್ ಇದ್ದ ಹಾಗೆ.

*ಏಳುತ್ತಿರುವ ಬಣ್ಣವನ್ನು ಮೊದಲು ಕೂರಿಸಿ.* ಕೊಳೆ ತೆಗೆಯುವ ಆತುರ ಬೇಡ. ಹಕ್ಕಳೆ ಎದ್ದ ಜಾಗದ ಮೇಲೆ ತೆಳು ಟಿಶ್ಯೂ ಇಟ್ಟು, ಸರಿಯಾದ ಅಂಟನ್ನು ಕುಂಚದ ತುದಿಯಿಂದ ಇಳಿಸಿ. ಯಾವ ಅಂಟು ಎಂಬುದು ಚಿತ್ರದ ಮೇಲೆ ಹೋಗುತ್ತದೆ. ಈ ಕ್ಷೇತ್ರದಲ್ಲಿ ತುಂಬಾ ಬಳಕೆಯಲ್ಲಿರುವ ಒಂದು ರಾಳ ಪ್ಯಾರಲಾಯ್ಡ್ ಬಿ-72. ಅದು ಬೇಗ ಹಳದಿಯಾಗುವುದಿಲ್ಲ. ಬೇಕಾದಾಗ ಅಸಿಟೋನ್‌ನಲ್ಲಿ ಕರಗುತ್ತದೆ. ಮರಗೆಲಸದ ಬಿಳಿ ಅಂಟು, ಸೆಲ್ಲೋಟೇಪ್, ಲ್ಯಾಮಿನೇಶನ್ ಈ ಮೂರನ್ನೂ ಚಿತ್ರದ ಹತ್ತಿರ ತರಬೇಡಿ. ಒಮ್ಮೆ ಹಿಡಿದರೆ ಮೂಲವನ್ನೂ ಕಿತ್ತುಕೊಂಡೇ ಬರುತ್ತವೆ.

*ಅಕ್ಕಿಕಾಳಿನಷ್ಟು ಜಾಗದಲ್ಲಿ ಪರೀಕ್ಷೆ.* ಚಿತ್ರದ ಅಂಚಿನಲ್ಲಿ, ಪ್ರತಿ ಬಣ್ಣಕ್ಕೂ ಬೇರೆ ಬೇರೆ. ತುಂಬಾ ಸೌಮ್ಯವಾದದ್ದರಿಂದ ಶುರುಮಾಡಿ. ಹತ್ತಿಗೆ ಕೊಳೆ ಬಂದರೆ ಸರಿ. ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಕೆಂಪು ತಡೆದುಕೊಂಡಿತು ಎಂದು ನೀಲಿಯೂ ತಡೆದುಕೊಳ್ಳುತ್ತದೆ ಎಂದು ಭಾವಿಸಬೇಡಿ. ಆಲೂಗಡ್ಡೆ, ಈರುಳ್ಳಿ, ಬ್ರೆಡ್ಡು, ಟೂತ್‌ಪೇಸ್ಟಿನಿಂದ ಚಿತ್ರ ಒರೆಸುವ ವಿಡಿಯೊಗಳನ್ನು ನೋಡಿ ಮರುಳಾಗಬೇಡಿ. ಪಿಷ್ಟ, ಸಕ್ಕರೆ ಉಳಿದು ಬೂಷ್ಟು ಬರುತ್ತದೆ. ಪೇಸ್ಟು ಬಣ್ಣವನ್ನೇ ಸವೆಸುತ್ತದೆ.

*ಮೇಲೆ ಏನನ್ನಾದರೂ ಬಳಿಯುವ ಮೊದಲು ನೂರು ಸಲ ಯೋಚಿಸಿ.* ಅಜಂತಾದ ಕತೆ ಇದಕ್ಕೆ ಪಾಠ. 1920ರ ದಶಕದ ಆರಂಭದಲ್ಲಿ ಹೈದರಾಬಾದ್ ನಿಜಾಮರ ಸರ್ಕಾರ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿತು. ಅವರು ಏಳುತ್ತಿದ್ದ ಬಣ್ಣವನ್ನು ಕೂರಿಸಿದರು. ಅದರಿಂದ ಎಷ್ಟೋ ಭಾಗ ಉಳಿಯಿತು. ಆದರೆ ಮೇಲೆ ಬಳಿದ ಅರಗಿನ ವಾರ್ನಿಷ್ ಕಾಲ ಕಳೆದಂತೆ ಹಳದಿಗಟ್ಟಿ, ಕೊಳೆ ಹಿಡಿದು, ಚಿತ್ರಗಳನ್ನೇ ಮುಸುಕಿತು. ಅದನ್ನು ತೆಗೆಯಲು ಪುರಾತತ್ವ ಇಲಾಖೆಯ ರಸಾಯನಶಾಸ್ತ್ರಜ್ಞರು ದಶಕಗಳ ಕಾಲ ದುಡಿದಿದ್ದಾರೆ. ಆ ಕಾಲದ ಒಳ್ಳೆಯ ತಜ್ಞರ ಕೈಯಲ್ಲೇ ಹೀಗಾಯಿತು.

*ಖಾಲಿ ಜಾಗ ತುಂಬುವುದು.* ಈಗ ಬಂತು ನಿಮ್ಮ ಕುಂಚದ ಸರದಿ. ಉದುರಿದ ಜಾಗವನ್ನು ಮೊದಲು ಸಮತಟ್ಟು ಮಾಡಿ, ಮೂಲದಿಂದ ಬೇರ್ಪಡಿಸುವ ಒಂದು ಪದರ ಹಾಕಿ, ಅದರ ಮೇಲೆ ಮುಂದೆ ತೆಗೆಯಬಹುದಾದ ಬಣ್ಣದಿಂದ ತುಂಬಬೇಕು. ಮೂಲ ಬಣ್ಣದ ಮೇಲೆ ಒಂದು ಚುಕ್ಕಿಯೂ ಹೋಗಬಾರದು. ಇಟಲಿಯಲ್ಲಿ ಬೆಳೆದ ‘ತ್ರತ್ತೇಜ್ಜೊ’ ಎಂಬ ಒಂದು ವಿಧಾನ ನನಗೆ ತುಂಬಾ ಇಷ್ಟ. ಸಣ್ಣ ಸಣ್ಣ ನೇರ ಗೀರುಗಳಿಂದ ಬಣ್ಣ ತುಂಬುತ್ತಾರೆ. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತದೆ. ಹತ್ತಿರ ಬಂದರೆ ಯಾವುದು ಹಳೆಯದು, ಯಾವುದು ನಂತರದ್ದು ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಸರಸ್ವತಿಯ ಎಡಗೈಗೆ ಏನು ಮಾಡಿದೆ ಎಂದು ನೀವು ಕೇಳಬಹುದು. ಹಳೆಯ ಫೋಟೊ ಇರಲಿಲ್ಲ. ಬೆರಳು ಹೇಗಿತ್ತೆಂದು ಹೇಳುವವರೂ ಇರಲಿಲ್ಲ. ಸುತ್ತಲಿನ ಬಣ್ಣಕ್ಕೆ ಹೊಂದುವ ಒಂದು ತೆಳು ಛಾಯೆ ಕೊಟ್ಟು ಬಿಟ್ಟೆ. ಬೆರಳು ಬರೆಯಲಿಲ್ಲ. ಬರೆಯಲು ಕೈಗೆ ಬರುತ್ತಿತ್ತು, ಅದು ಬೇರೆ ಮಾತು.

ಹಂತ 6: ಕೆಲಸ, ದುಡ್ಡು, ಕಾನೂನು

ಸರ್ಕಾರಿ ಕೆಲಸ ಬೇಕೆಂದರೆ ಪುರಾತತ್ವ ಇಲಾಖೆಯ ವಿಜ್ಞಾನ ವಿಭಾಗ, ರಾಷ್ಟ್ರೀಯ ಮ್ಯೂಸಿಯಂಗಳು, ಎನ್‌ಜಿಎಂಎ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ) ಅಂಥ ಗ್ಯಾಲರಿಗಳಿವೆ. ವಿಜ್ಞಾನ ವಿಭಾಗದ ಕೇಂದ್ರ ದೆಹ್ರಾದೂನ್‌ನಲ್ಲಿದೆ. ಅಲ್ಲಿನ ಹುದ್ದೆಗಳಿಗೆ ಕೆಮಿಸ್ಟ್ರಿಯ ಪದವಿ ಬೇಕು. ಹುದ್ದೆಗಳು ಕಡಿಮೆ, ಕಾಯುವ ತಾಳ್ಮೆ ಇರಲಿ. ಖಾಸಗಿ ಮ್ಯೂಸಿಯಂಗಳು, ಹರಾಜು ಸಂಸ್ಥೆಗಳು, ಸಂಗ್ರಹಕಾರರು, ಮಠ ಮತ್ತು ದೇವಸ್ಥಾನಗಳು, ಹಳೆಯ ಮನೆತನಗಳು ಇನ್ನೊಂದು ದಾರಿ.

ಸ್ವಂತವಾಗಿ ಮಾಡುವವರು ಇಷ್ಟನ್ನು ಪಾಲಿಸಿ. ಚಿತ್ರ ಪಡೆಯುವಾಗ ಫೋಟೊ ಸಮೇತ ರಸೀದಿ ಕೊಡಿ. ಪರೀಕ್ಷೆಗೆ ಬೇರೆ, ಕೆಲಸಕ್ಕೆ ಬೇರೆ ಶುಲ್ಕ ಹೇಳಿ. ಪರೀಕ್ಷೆ ಆಗದೆ ಫೋನಿನಲ್ಲಿ ರೇಟು ಹೇಳಬೇಡಿ. ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎರಡನ್ನೂ ಬರೆದು ಸಹಿ ಹಾಕಿಸಿಕೊಳ್ಳಿ.

ಯಾಕೆಂದರೆ ನಮ್ಮಲ್ಲಿ ಚಿತ್ರದ ಯಜಮಾನರು ಕೇಳುವುದೇ ಬೇರೆ: “ಹೊಸದರ ಹಾಗೆ ಮಾಡಿಕೊಡಿ.” ಅವರಿಗೆ ಅದು ಪೂಜೆಯ ದೇವರು. ದೀಪದ ಮಸಿ, ಕುಂಕುಮ, ಎಣ್ಣೆ ಎಲ್ಲಾ ತಲೆಮಾರುಗಳ ಪೂಜೆಯ ಗುರುತು. ಕೈ ಒಡೆದ ದೇವರನ್ನು ಪೂಜಿಸುವುದು ಹೇಗೆ ಎಂಬ ಅವರ ಸಂಕಟವೂ ಸುಳ್ಳಲ್ಲ. ಅವರನ್ನು ಕೂರಿಸಿ, ಸಮಾಧಾನದಿಂದ ಮಾತಾಡಿ. ಹಳೆಯದನ್ನು ಹಾಗೇ ಉಳಿಸಿ, ಪೂಜೆಗೆ ಒಂದು ಪ್ರತಿ ಬರೆದುಕೊಡಬಹುದು. ಕಲಾವಿದರಾದ ನಿಮಗೆ ಅದು ಸಾಧ್ಯ. ಪ್ರತಿಯ ಹಿಂದೆ ‘ಇದು ಪ್ರತಿ’ ಎಂದು ನಿಮ್ಮ ಹೆಸರು, ವರ್ಷ ಬರೆಯಲೇಬೇಕು.

ಮಸುಕಾದ ಸಹಿಯನ್ನು ‘ಸ್ವಲ್ಪ ಗಾಢ’ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ, ಎಷ್ಟೇ ದುಡ್ಡು ಕೊಟ್ಟರೂ ಬೇಡ ಎನ್ನಿ. ಮೋಸಕ್ಕೆ ಅದು ಮೊದಲ ಮೆಟ್ಟಿಲು.

1972ರ ಪುರಾವಸ್ತು ಮತ್ತು ಕಲಾ ನಿಧಿಗಳ ಕಾಯಿದೆಯನ್ನೂ ಓದಿಕೊಂಡಿರಿ. 100 ವರ್ಷ ದಾಟಿದ ಚಿತ್ರ, ಶಿಲ್ಪ ಅದರ ಅಡಿಯಲ್ಲಿ ಬರುತ್ತವೆ. ಹಸ್ತಪ್ರತಿಗಳಿಗೆ 75 ವರ್ಷ. ರವಿವರ್ಮ, ನಂದಲಾಲ್ ಬೋಸ್, ಅಮೃತಾ ಶೆರ್‌ಗಿಲ್ ಮುಂತಾದ ಕೆಲವರ ಕೃತಿಗಳು ಕಲಾ ನಿಧಿಗಳೆಂದು ಘೋಷಿತವಾಗಿವೆ. ಇವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಎಲ್ಲಿಂದ ಬಂತೆಂದು ಹೇಳದವರ ವಿಗ್ರಹ, ಚಿತ್ರಗಳನ್ನು ಒಳಗೆ ತೆಗೆದುಕೊಳ್ಳಬೇಡಿ.

ಹಂತ 7: ಗ್ಯಾಲರಿಯ ಗೋಡೆ ನೋಡಿಕೊಳ್ಳುವುದು

ಗ್ಯಾಲರಿಯಲ್ಲಿ ಕೆಲಸ ಸಿಕ್ಕರೆ ನಿಮ್ಮ ನಿಜವಾದ ಶತ್ರುಗಳು ಬೆಳಕು ಮತ್ತು ತೇವ. ಕಾಗದ, ಜಲವರ್ಣ, ಮೈಸೂರು ಚಿತ್ರಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕು. ಎಣ್ಣೆಬಣ್ಣಕ್ಕೆ 200ರ ಒಳಗೆ. ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ. ಗಾಳಿಯ ತೇವ (ಸಾಪೇಕ್ಷ ಆರ್ದ್ರತೆ) ಸುಮಾರು ಶೇಕಡ 45ರಿಂದ 55ರ ನಡುವೆ ಇದ್ದರೆ ಒಳ್ಳೆಯದು. ಅದಕ್ಕಿಂತ ಮುಖ್ಯ, ಏರಿಳಿತ ಇರಬಾರದು. ಹಗಲು ಎಸಿ ಹಾಕಿ ರಾತ್ರಿ ಆಫ್ ಮಾಡುವುದಕ್ಕಿಂತ ಹಾಕದೇ ಇರುವುದೇ ಎಷ್ಟೋ ಸಲ ವಾಸಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಹೊರಗೋಡೆಯ ಮೇಲೆ ಚಿತ್ರ ತೂಗುಹಾಕಬೇಡಿ. ಫ್ರೇಮಿನ ಹಿಂದೆ ಕಾರ್ಕ್ ತುಂಡು ಅಂಟಿಸಿ ಗಾಳಿಯಾಡಲು ಜಾಗ ಬಿಡಿ. ತಿಂಗಳಿಗೊಮ್ಮೆ ಹಿಂಬದಿ ತಿರುಗಿಸಿ ಗೆದ್ದಲು ನೋಡಿ.

ಹಂತ 8: ನಿಮ್ಮ ಚಿತ್ರ ಬಿಡಬೇಡಿ

“ಕನ್ಸರ್ವೇಟರ್ ಆದರೆ ನನ್ನ ಕಲೆ ಸತ್ತುಹೋಗಲ್ವಾ?” ಎಂದು ಕೇಳುವವರಿದ್ದಾರೆ. ಇಡೀ ದಿನ ತಡೆದುಹಿಡಿದ ಕೈಗೆ ಸಂಜೆ ತನ್ನದೇ ಒಂದು ಕ್ಯಾನ್ವಾಸ್ ಬೇಕು. ಅದು ಸಿಗದಿದ್ದರೆ ಆ ಕೈ ಬೇರೆಯವರ ಚಿತ್ರದಲ್ಲಿ ಜಾಗ ಹುಡುಕಲು ಶುರುಮಾಡುತ್ತದೆ. ಹಾಗಾಗಿ ವಾರಕ್ಕೆ ಎರಡು ದಿನವಾದರೂ ಸ್ವಂತ ಕೆಲಸಕ್ಕೆ ಎತ್ತಿಡಿ. ಮೇಜು ಬೇರೆ, ಕುಂಚ ಬೇರೆ, ಸಾಧ್ಯವಾದರೆ ಕೋಣೆಯೂ ಬೇರೆ ಇರಲಿ.

ನಿಮ್ಮ ಪ್ರತಿ ಚಿತ್ರದ ಹಿಂದೆ ಒಂದು ಚೀಟಿ ಸೇರಿಸಿ. ಯಾವ ಕ್ಯಾನ್ವಾಸ್, ಯಾವ ಕಂಪನಿಯ ಯಾವ ಬಣ್ಣ, ಯಾವ ವಾರ್ನಿಷ್, ಯಾವ ತಿಂಗಳು ಬಳಿದದ್ದು ಎಲ್ಲಾ ಬರೆಯಿರಿ. ಆಮ್ಲವಿಲ್ಲದ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಕ್ಯಾನ್ವಾಸಿಗೆ ಅಂಟಿಸದೆ, ಚೌಕಟ್ಟಿನ ಮರಕ್ಕೆ ಕಟ್ಟಿ. ಬಾಲ್‌ಪೆನ್ ಬೇಡ, ಅದರ ಶಾಯಿ ನಿಧಾನಕ್ಕೆ ಹರಡಿ ಮುಂಬದಿಗೂ ಇಳಿಯಬಹುದು.